ಮೊದಲ ಜಾಯ್‌ಸ್ಟಿಕ್ ಕೊಳ್ಳುವಾಗ ಬಟನ್ ಎಣಿಸಬೇಡಿ, ನಡುವನ್ನು ನೋಡಿ

ಮಂಗಳೂರಿನ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರಿನಲ್ಲೂ ಅದು ಹಾಗೇ ಕಾಣುತ್ತದೆ. ಸೆಸ್ನಾ 172 ಅನ್ನುವ ಪುಟ್ಟ ವಿಮಾನ ಇಟ್ಟುಕೊಂಡು ನಾನು ಅಲ್ಲಿ ಇಳಿಯಲು ಹೋದ ಮೊದಲ ಸಂಜೆ, ವಿಮಾನದ ಮೂಗು ಎಡಕ್ಕೇ ಎಳೆಯುತ್ತಿತ್ತು. ಬಲಕ್ಕೆ ತಂದರೆ ಬೇಕಾದ್ದಕ್ಕಿಂತ ಜಾಸ್ತಿ ಬಲಕ್ಕೆ ಹೋಗುತ್ತಿತ್ತು. ಮತ್ತೆ ಎಡ, ಮತ್ತೆ ಬಲ. ಕೊನೆಗೆ ರನ್‌ವೇ ಒಂದು ಕಡೆ, ನಾನು ಪಕ್ಕದ ಕಣಿವೆಯಲ್ಲಿ. ಒಂದು ವಾರ ಇದೇ ಆಯಿತು. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡೆ.

ಆಮೇಲೊಂದು ದಿನ ಸ್ಟಿಕ್‌ನಿಂದ ಕೈ ತೆಗೆದು ಸುಮ್ನೆ ಪರದೆ ನೋಡುತ್ತಾ ಕೂತೆ. ಯಾರೂ ಮುಟ್ಟದ ಸ್ಟಿಕ್, ತಾನು ಎಡಕ್ಕೆ ತಿರುಗಿದ್ದೇನೆ ಅಂತ ಕಂಪ್ಯೂಟರ್‌ಗೆ ಹೇಳುತ್ತಿತ್ತು. ಅದೂ ಒಂದೇ ಮಟ್ಟದಲ್ಲಿ ಅಲ್ಲ, ನಡುಗುತ್ತಾ. ಆ ಸ್ಟಿಕ್ಕಿನ ಡಬ್ಬದ ಮೇಲೆ ಬಟನ್ ಎಷ್ಟಿವೆ ಅಂತ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ನಾನು ಕೊಂಡಿದ್ದೂ ಅದನ್ನು ನೋಡಿಯೇ.

ಆಟದ ಕಾರಿನ ಸ್ಟೀರಿಂಗ್ ಹಾಗೆ ಸ್ಟಿಕ್ಕನ್ನು ಕೊನೆಯವರೆಗೆ ತಿರುಗಿಸುವ ಸಂದರ್ಭ ಹಾರಾಟದಲ್ಲಿ ತೀರಾ ಕಡಿಮೆ. ನಿಮ್ಮ ಕೈ ಹೆಚ್ಚಿನ ಹೊತ್ತು ನಡುವಿನಿಂದ ಒಂದು ಬೆರಳಿನ ಅಗಲದಷ್ಟೂ ಆಚೆ ಹೋಗುವುದಿಲ್ಲ. ರನ್‌ವೇಗೆ ಇಳಿಯುವಾಗಂತೂ ಒಂದು ಕಾಳಿನಷ್ಟು ಮುಂದೆ, ಒಂದು ಕಾಳಿನಷ್ಟು ಹಿಂದೆ. ಆ ಜಾಗದಲ್ಲಿ ಸ್ಟಿಕ್ ಎಷ್ಟು ನಂಬಿಕಸ್ಥ ಅನ್ನುವುದೇ ಅದರ ಬೆಲೆ. ಮುಂದೆ ಸೆನ್ಸರ್, ಸ್ಪ್ರಿಂಗ್, ಮೇಜು, ಸೆಟ್ಟಿಂಗ್ ಅಂತ ಏನೇ ಹೇಳಿದರೂ ನಾನು ಸುತ್ತಿ ಬರುವುದು ಆ ಒಂದು ಬೆರಳಿನ ಜಾಗಕ್ಕೇ.

ಮೊದಲ ಹೆಜ್ಜೆ: ಯಾವ ವಿಮಾನ ಹಾರಿಸುತ್ತೀರಿ?

ಯಾವ ಕಂಪನಿಯ ಸ್ಟಿಕ್ ಅಂತ ಕೇಳುವ ಮೊದಲು ಇದನ್ನು ಕೇಳಿಕೊಳ್ಳಿ.

ಸೆಸ್ನಾ 172, ಬೋಯಿಂಗ್ 737, ಹುಬ್ಬಳ್ಳಿ-ಮೈಸೂರಿನ ಕಡೆ ಬರುವ ಎಟಿಆರ್ 72, ಇವುಗಳಲ್ಲಿ ಪೈಲಟ್ ಮುಂದೆ ಇರುವುದು ಯೋಕ್. ಅಂದರೆ ಎಳೆಯುವ, ತಳ್ಳುವ, ತಿರುಗಿಸುವ ಅರ್ಧ ಸ್ಟೀರಿಂಗ್. ಏರ್‌ಬಸ್ ಎ320ಯಲ್ಲಿ ಪಕ್ಕದಲ್ಲಿ ಒಂದು ಪುಟ್ಟ ಸ್ಟಿಕ್ ಇರುತ್ತದೆ, ಅದೇ ಸೈಡ್‌ಸ್ಟಿಕ್. ಆ ವಿಮಾನ ಮೊದಲು ಹಾರಿದ್ದು 1987ರಲ್ಲಿ. ನಮ್ಮ ಬೆಂಗಳೂರಿನ ಎಚ್‌ಎಎಲ್ ಕಟ್ಟುವ ತೇಜಸ್‌ನಲ್ಲಿ ಸ್ಟಿಕ್ ಪೈಲಟ್‌ನ ಎರಡು ಮೊಣಕಾಲುಗಳ ನಡುವೆ ಇರುತ್ತದೆ. ಅಮೆರಿಕದ ಎಫ್-16ರಲ್ಲಿ ಬಲಗಡೆ. ಎಫ್-16ರ ಕಥೆ ತಮಾಷೆಯಾಗಿದೆ. ಅದರ ಮೊದಲ ಮಾದರಿಯ ಸ್ಟಿಕ್ ಅಲುಗಾಡುತ್ತಲೇ ಇರಲಿಲ್ಲ, ಕೈ ಎಷ್ಟು ಒತ್ತುತ್ತಿದೆ ಅನ್ನುವುದನ್ನಷ್ಟೇ ಅಳೆಯುತ್ತಿತ್ತು. ಆಮೇಲೆ ಪೈಲಟ್‌ಗಳ ಕೈಗೆ ಹಿಡಿತ ಸಿಗಲಿ ಅಂತ ಚೂರು ಅಲುಗಾಡುವ ಹಾಗೆ ಮಾಡಿದರು.

ಹಾಗಾದರೆ ಬೋಯಿಂಗ್ ಹಾರಿಸುವವರು ಯೋಕನ್ನೇ ಕೊಳ್ಳಬೇಕಾ? ಮೊದಲ ಖರೀದಿಗೆ ಬೇಡ. ಸ್ಟಿಕ್ಕಿನಿಂದ ಬೋಯಿಂಗನ್ನೂ ಆರಾಮಾಗಿ ಹಾರಿಸಬಹುದು. ಯೋಕ್ ಹಿಡಿದುಕೊಂಡು ಫೈಟರ್ ಹಾರಿಸುವುದು ಮಾತ್ರ ಎತ್ತಿನಗಾಡಿಗೆ ಕುದುರೆ ಲಗಾಮು ಕಟ್ಟಿದ ಹಾಗೆ. ಜೊತೆಗೆ ಯೋಕ್ ಮೇಜಿನ ಅರ್ಧ ಜಾಗ ತಿನ್ನುತ್ತದೆ, ಅದನ್ನು ಕ್ಲ್ಯಾಂಪ್ ಹಾಕಿ ಬಿಗಿಯಬೇಕು, ಬೆಲೆಯೂ ಜಾಸ್ತಿ. ಏನು ಇಷ್ಟವಾಗುತ್ತದೆ ಅಂತ ಗೊತ್ತಾಗುವ ತನಕ ಸ್ಟಿಕ್ ಸಾಕು.

ಏರ್‌ಬಸ್ ಪ್ರಿಯರಿಗೆ ಒಂದು ಮಾತು. ಕ್ಯಾಪ್ಟನ್ ಎಡಗಡೆ ಸೀಟಿನಲ್ಲಿ ಕೂರುತ್ತಾರೆ, ಅವರ ಸೈಡ್‌ಸ್ಟಿಕ್ ಎಡಗೈಗೆ ಬರುತ್ತದೆ, ಎಂಜಿನ್ ಶಕ್ತಿ ಏರಿಸಿ ಇಳಿಸುವ ಥ್ರಾಟಲ್ ಬಲಗೈಗೆ. ಅದನ್ನು ಅಚ್ಚುಕಟ್ಟಾಗಿ ಅನುಕರಿಸಬೇಕು ಅಂತಿದ್ದರೆ ಎರಡೂ ಕೈಗೆ ಒಗ್ಗುವ ಸ್ಟಿಕ್ ಬೇಕು. ಬಲಗೈಗೇ ಅಂತ ಅಚ್ಚು ಹಾಕಿದ ಸ್ಟಿಕ್ಕನ್ನು ಎಡಗೈಯಲ್ಲಿ ಹಿಡಿದರೆ ಅರ್ಧ ಗಂಟೆಗೆ ಹೆಬ್ಬೆರಳು ನೋಯುತ್ತದೆ. ಎಡಗೈ ಬಳಸುವವರಿಗೂ ಇದೇ ಮಾತು.

ಯಾವ ಸಿಮ್, ಅಂದರೆ ಯಾವ ಸಿಮ್ಯುಲೇಟರ್ ಅನ್ನುವುದನ್ನೂ ಇದೇ ಹೊತ್ತಿಗೆ ತೀರ್ಮಾನಿಸಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಮತ್ತು ಎಕ್ಸ್-ಪ್ಲೇನ್ ಕೊಳ್ಳಬೇಕಾದವು. ಫ್ಲೈಟ್‌ಗಿಯರ್ ಪೂರ್ತಿ ಉಚಿತ, ಲಿನಕ್ಸ್‌ನಲ್ಲೂ ಓಡುತ್ತದೆ. ಯುದ್ಧವಿಮಾನ ಬೇಕಾದವರಿಗೆ ಡಿಸಿಎಸ್ ವರ್ಲ್ಡ್ ಇದೆ. ಅದರ ಮೂಲ ಆವೃತ್ತಿ ಉಚಿತ, ಜೊತೆಗೆ ಸು-25ಟಿ ಮತ್ತು ಟಿಎಫ್-51ಡಿ ಅನ್ನುವ ಎರಡು ವಿಮಾನಗಳನ್ನೂ ಕೊಡುತ್ತಾರೆ. ಕೀಬೋರ್ಡಿನಲ್ಲಾದರೂ ಸರಿ, ಒಂದೆರಡು ವಾರ ಉಚಿತದ್ದರಲ್ಲಿ ಹಾರಿ ನೋಡಿ. ಬೇಸರ ಬಂತೋ, ಸ್ಟಿಕ್ಕಿನ ದುಡ್ಡು ಉಳಿಯಿತು.

ವಾರ್ ಥಂಡರ್ ಆಡುವವರು ಸ್ವಲ್ಪ ಹುಷಾರು. ಅದರ ಆರ್ಕೇಡ್, ರಿಯಲಿಸ್ಟಿಕ್ ಪಂದ್ಯಗಳಲ್ಲಿ ಮೌಸ್ ಹಿಡಿದವರೇ ಮೇಲುಗೈ. ಅಲ್ಲಿ ಸ್ಟಿಕ್ ತಂದರೆ ಸೋಲನ್ನೇ ದುಡ್ಡು ಕೊಟ್ಟು ತಂದ ಹಾಗೆ. ಸ್ಟಿಕ್ಕಿಗೆ ಬೆಲೆ ಇರುವುದು ಅದರ ಸಿಮ್ಯುಲೇಟರ್ ಪಂದ್ಯಗಳಲ್ಲಿ.

ಎಕ್ಸ್‌ಬಾಕ್ಸ್ ಅಥವಾ ಪ್ಲೇಸ್ಟೇಷನ್‌ನಲ್ಲಿ ಆಡುವವರು ಡಬ್ಬದ ಮೇಲೆ ಆ ಕನ್ಸೋಲಿನ ಹೆಸರು ಇದೆಯಾ ಅಂತ ಎರಡು ಸಲ ನೋಡಿ. ಪಿಸಿಗೆ ಮಾತ್ರ ಅಂತ ಇರುವ ಸ್ಟಿಕ್ಕನ್ನು ಕನ್ಸೋಲಿಗೆ ಸಿಕ್ಕಿಸಿದರೆ ಅದು ಬರೀ ಶೋಪೀಸ್.

ಎರಡನೇ ಹೆಜ್ಜೆ: ನಾಲ್ಕು ಆಕ್ಸಿಸ್, ಒಂದು ಹ್ಯಾಟ್

ವಿಮಾನಕ್ಕೆ ಕೈಯಿಂದ ಹೇಳಬೇಕಾದದ್ದು ಮುಖ್ಯವಾಗಿ ನಾಲ್ಕು. ಮೂಗು ಮೇಲೆ-ಕೆಳಗೆ, ಅದು ಪಿಚ್. ರೆಕ್ಕೆ ಎಡಕ್ಕೆ-ಬಲಕ್ಕೆ ವಾಲುವುದು ರೋಲ್. ಮೂಗು ಎಡಕ್ಕೆ-ಬಲಕ್ಕೆ ಹೊರಳುವುದು ಯಾ, ಅದನ್ನು ಮಾಡುವುದು ಬಾಲದ ರಡ್ಡರ್. ನಾಲ್ಕನೆಯದು ಎಂಜಿನ್ ಶಕ್ತಿ, ಅಂದರೆ ಥ್ರಾಟಲ್. ಇಂಥ ಒಂದೊಂದು ದಾರಿಗೂ ಸ್ಟಿಕ್ಕಿನ ಭಾಷೆಯಲ್ಲಿ ಆಕ್ಸಿಸ್ ಅನ್ನುತ್ತಾರೆ. ಹಾಗಾಗಿ ಮೊದಲ ಸ್ಟಿಕ್ಕಿಗೆ ನಾಲ್ಕು ಆಕ್ಸಿಸ್ ಇರಲೇಬೇಕು.

ಇದರಲ್ಲಿ ಹೊಸಬರು ಕಡೆಗಣಿಸುವುದು ರಡ್ಡರನ್ನು. ನಿಜವಾದ ವಿಮಾನದಲ್ಲಿ ಅದು ಕಾಲಿನ ಪೆಡಲ್. ಪೆಡಲ್ ಇಲ್ಲದ ನಮಗೆ ಇರುವ ದಾರಿ ಟ್ವಿಸ್ಟ್, ಅಂದರೆ ಸ್ಟಿಕ್ಕಿನ ಹಿಡಿಯನ್ನೇ ಬಾಟಲಿ ಮುಚ್ಚಳದ ಹಾಗೆ ತಿರುಚುವುದು. ಸೆಸ್ನಾದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ರನ್‌ವೇಯಲ್ಲಿ ಓಡಿಸಿ ನೋಡಿ. ಪ್ರೊಪೆಲ್ಲರ್ ತಿರುಗುವ ದಿಕ್ಕಿನಿಂದಾಗಿ ಮೂಗು ಎಡಕ್ಕೆ ಎಳೆಯುತ್ತದೆ, ಬಲ ರಡ್ಡರ್ ಕೊಡುತ್ತಲೇ ಇರಬೇಕು. ಟ್ವಿಸ್ಟ್ ಇಲ್ಲದೆ, ಪೆಡಲ್ಲೂ ಇಲ್ಲದೆ ಇದನ್ನು ಮಾಡಲು ಹೋದರೆ ಕೀಬೋರ್ಡಿನ ಮೇಲೆ ತಾಳ ಹಾಕುತ್ತಾ ಕೂರಬೇಕು. ದುಬಾರಿ ಸ್ಟಿಕ್‌ಗಳಲ್ಲಿ ಎಷ್ಟೋ ಟ್ವಿಸ್ಟ್ ಇಲ್ಲದೆಯೇ ಬರುತ್ತವೆ, ಕೊಳ್ಳುವವರ ಹತ್ತಿರ ಪೆಡಲ್ ಇದ್ದೇ ಇರುತ್ತದೆ ಅನ್ನುವ ಲೆಕ್ಕದಲ್ಲಿ. ಥ್ರಸ್ಟ್‌ಮಾಸ್ಟರ್ ಹೋಟಾಸ್ ವಾರ್ಟ್‌ಹಾಗ್ ಅದಕ್ಕೆ ಒಳ್ಳೆಯ ಉದಾಹರಣೆ. ಎ-10ಸಿ ವಿಮಾನದ ಸ್ಟಿಕ್ಕಿನ ನಕಲು, ಲೋಹದ ಮೈ, ನೋಡಿದರೆ ಆಸೆಯಾಗುತ್ತದೆ. ಮೊದಲ ಸ್ಟಿಕ್ ಅಂತ ಅದನ್ನು ತಂದವರು ಮರುದಿನವೇ ಪೆಡಲ್ ಹುಡುಕಲು ಹೊರಡಬೇಕಾಗುತ್ತದೆ.

ಹೋಟಾಸ್ ಅನ್ನುವ ಪದ ಎಲ್ಲೆಲ್ಲೂ ಸಿಗುತ್ತದೆ. ಒಂದು ಕೈ ಥ್ರಾಟಲ್ ಮೇಲೆ, ಇನ್ನೊಂದು ಸ್ಟಿಕ್ ಮೇಲೆ, ಬೇಕಾದ ಬಟನ್ನೆಲ್ಲ ಅವೆರಡರ ಮೇಲೇ ಇರುವ ಜೋಡಿಗೆ ಆ ಹೆಸರು. ಫೈಟರ್ ಹಾರಿಸುವವರಿಗೆ ಇದು ತುಂಬಾ ಅನುಕೂಲ. ಬರೀ ಸೆಸ್ನಾ, ಎ320 ಹಾರಿಸುವವರಿಗೆ ಸ್ಟಿಕ್ಕಿನ ಬುಡದಲ್ಲಿರುವ ಪುಟ್ಟ ಥ್ರಾಟಲ್ ಸಾಕು.

ಸ್ಟಿಕ್ಕಿನ ನೆತ್ತಿಯಲ್ಲಿ ಹೆಬ್ಬೆರಳಿಗೆ ಸಿಗುವ ಪುಟ್ಟ ಗುಂಡಿ ಹ್ಯಾಟ್ ಸ್ವಿಚ್. ಸುತ್ತ ನೋಡುವುದು ಅದರಿಂದ. ಎಂಟು ದಿಕ್ಕಿನದಾದರೆ ಒಳ್ಳೆಯದು.

ಬಟನ್? ನಾನು ದಿನಾ ಬಳಸುವುದು ಬ್ರೇಕ್, ಟ್ರಿಮ್ ಮೇಲೆ, ಟ್ರಿಮ್ ಕೆಳಗೆ, ಫ್ಲ್ಯಾಪ್ ಎರಡು, ಗೇರ್, ಆಟೋಪೈಲಟ್ ಕಳಚುವುದು, ನೋಟ ಬದಲಿಸುವುದು. ಹತ್ತು ದಾಟುವುದಿಲ್ಲ. ಟ್ರಿಮ್ ಅಂದರೆ ಕೈ ಬಿಟ್ಟರೂ ಮೂಗು ಅದೇ ಮಟ್ಟದಲ್ಲಿ ನಿಲ್ಲುವ ಹಾಗೆ ಮಾಡುವ ಹೊಂದಾಣಿಕೆ, ಗೇರ್ ಅಂದರೆ ಇಳಿಯುವ ಗಾಲಿ. ಉಳಿದದ್ದಕ್ಕೆ ಕೀಬೋರ್ಡ್ ಇದೆಯಲ್ಲ.

ಮೂರನೇ ಹೆಜ್ಜೆ: ಒಳಗೆ ಏನಿದೆ?

ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು ಬರುತ್ತಿತ್ತಲ್ಲ, ನೆನಪಿದೆಯಾ? ಆ ಗುಂಡಿಯ ಒಳಗಿರುವುದು ಪೊಟೆನ್ಷಿಯೋಮೀಟರ್. ಒಂದು ಕಾರ್ಬನ್ ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಓಡಾಡುವ ಒಂದು ಲೋಹದ ಕಡ್ಡಿ. ಎಷ್ಟೋ ಅಗ್ಗದ ಸ್ಟಿಕ್‌ಗಳ ಒಳಗೂ ಇದೇ ಇರುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ಧೂಳು ಸೇರುತ್ತದೆ. ಎಲ್ಲಿ ಹೆಚ್ಚು ಉಜ್ಜುತ್ತದೆ ಹೇಳಿ? ನಡುವಿನಲ್ಲೇ. ಯಾಕೆಂದರೆ ಕೈ ಸದಾ ಇರುವುದು ಅಲ್ಲೇ. ಹೀಗಾಗಿ ನಮಗೆ ಯಾವ ಜಾಗ ಅತಿ ಮುಖ್ಯವೋ ಅದೇ ಮೊದಲು ಹಾಳಾಗುತ್ತದೆ. ರೇಡಿಯೋದಲ್ಲಿ ಕರಕರ ಅಂದದ್ದು ಇಲ್ಲಿ ವಿಮಾನದ ನಡುಕವಾಗಿ ಕಾಣುತ್ತದೆ.

ಇನ್ನೊಂದು ಬಗೆ ಹಾಲ್ ಸೆನ್ಸರ್. ಇದಕ್ಕೆ ಆಧಾರವಾದದ್ದು ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡ ಸಂಗತಿ. ಕರೆಂಟ್ ಹರಿಯುವ ವಸ್ತುವಿನ ಹತ್ತಿರ ಅಯಸ್ಕಾಂತ ಬಂದರೆ ಅಡ್ಡದಿಕ್ಕಿನಲ್ಲಿ ಒಂದು ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಸ್ಟಿಕ್ಕಿನ ಬುಡದಲ್ಲಿ ಅಯಸ್ಕಾಂತ ಕೂರಿಸಿ, ಅದು ಎಷ್ಟು ಸರಿಯಿತು ಅಂತ ಸೆನ್ಸರ್ ಅಳೆಯುತ್ತದೆ. ಯಾವುದೂ ಯಾವುದಕ್ಕೂ ತಾಗುವುದಿಲ್ಲ, ಸವೆಯುವ ಮಾತೇ ಇಲ್ಲ. ಬಜೆಟ್ ಸ್ವಲ್ಪ ಹಿಗ್ಗಿಸಲು ಆಗುತ್ತದೆ ಅಂದರೆ ಹಿಗ್ಗಿಸಬೇಕಾದದ್ದು ಇದಕ್ಕೆ.

ಒಂದು ಕಿವಿಮಾತು. ಡಬ್ಬದ ಮೇಲೆ ಹಾಲ್ ಅಂತ ಇದ್ದ ಮಾತ್ರಕ್ಕೆ ಎಲ್ಲ ಆಕ್ಸಿಸ್‌ಗೂ ಅದೇ ಅಂತಲ್ಲ. ಪಿಚ್, ರೋಲ್‌ಗೆ ಹಾಲ್ ಕೊಟ್ಟು ಟ್ವಿಸ್ಟ್‌ಗೆ ಪೊಟೆನ್ಷಿಯೋಮೀಟರ್ ಹಾಕುವುದು ಮಾಮೂಲು. ವಿವರ ಕೊನೆಯ ಸಾಲಿನವರೆಗೆ ಓದಿ.

ರೆಸಲ್ಯೂಷನ್ ಅಂತಲೂ ಬರೆದಿರುತ್ತಾರೆ. ಸ್ಟಿಕ್ಕಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ ಓಟವನ್ನು ಎಷ್ಟು ಮೆಟ್ಟಿಲು ಮಾಡಿದ್ದಾರೆ ಅನ್ನುವ ಲೆಕ್ಕ ಅದು. 8 ಬಿಟ್ ಅಂದರೆ 256 ಮೆಟ್ಟಿಲು, 10 ಬಿಟ್ ಅಂದರೆ 1,024, 14 ಬಿಟ್ ಅಂದರೆ 16,384. ನಡುವಿನ ಬೆರಳಗಲದ ಪಾಲಿಗೆ 256ರಲ್ಲಿ ಬರುವುದು ಕೆಲವೇ ಮೆಟ್ಟಿಲು, ಮೂಗು ಹಂತಹಂತವಾಗಿ ಕುಪ್ಪಳಿಸಿದ ಹಾಗೆ ಅನ್ನಿಸಬಹುದು. 1,024ರ ಮೇಲೆ ಹೋದ ಮೇಲೆ ಸಂಖ್ಯೆಗಿಂತ ಸ್ಪ್ರಿಂಗ್ ಮುಖ್ಯ.

ಹೌದು, ಸ್ಪ್ರಿಂಗ್. ಸ್ಟಿಕ್ಕನ್ನು ನಡುವಿಗೆ ತಂದು ನಿಲ್ಲಿಸುವುದು ಅದೇ. ತೀರಾ ಗಟ್ಟಿಯಾದರೆ ನಡುವಿನಿಂದ ಕದಲಿಸುವಾಗ ಒಂದು ತಡೆ ಸಿಗುತ್ತದೆ, ಅದನ್ನು ಮೀರಿ ಒತ್ತಿದಾಗ ಸ್ಟಿಕ್ ಬೇಕಾದ್ದಕ್ಕಿಂತ ಮುಂದೆ ಹೋಗಿರುತ್ತದೆ. ತೀರಾ ಸಡಿಲವಾದರೆ ಹಳೇ ಬಾಗಿಲಿನ ಚಿಲಕದ ಹಾಗೆ ನಡುವಿನಲ್ಲೇ ಲೊಡಲೊಡ ಅನ್ನುತ್ತದೆ. ಇದು ಯಾವ ವಿವರಪಟ್ಟಿಯಲ್ಲೂ ಇರುವುದಿಲ್ಲ. ಕೈಯಲ್ಲೇ ನೋಡಬೇಕು.

ನಾಲ್ಕನೇ ಹೆಜ್ಜೆ: ಹೆಸರು ಹೇಳಿ ಅನ್ನುವವರಿಗೆ

ಬೆಲೆ ಬರೆಯುವುದಿಲ್ಲ, ತಿಂಗಳಿಗೊಂದು ಥರ ಇರುತ್ತದೆ.

ಕಡಿಮೆ ದುಡ್ಡಿನಲ್ಲಿ ಶುರು ಮಾಡುವವರ ಕೈಗೆ ಎರಡು ದಶಕಗಳಿಂದ ಸಿಗುತ್ತಿರುವುದು ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ. ಟ್ವಿಸ್ಟ್ ಇದೆ, ಬುಡದಲ್ಲಿ ಥ್ರಾಟಲ್ ಇದೆ, ಎಂಟು ದಿಕ್ಕಿನ ಹ್ಯಾಟ್, 12 ಬಟನ್. ಅಚ್ಚು ಬಲಗೈಯವರದ್ದು. ಈ ಹವ್ಯಾಸ ಹಿಡಿಸುತ್ತದೋ ಇಲ್ಲವೋ ಅನ್ನುವ ಅನುಮಾನ ಇರುವವರಿಗೆ ಇದು ಸಾಕು.

ಥ್ರಸ್ಟ್‌ಮಾಸ್ಟರ್ ಟಿ.16000ಎಂ ನಾನು ಹೆಚ್ಚಿನವರಿಗೆ ಹೇಳುವುದು. ಪಿಚ್, ರೋಲ್‌ಗೆ ಹಾಲ್ ಸೆನ್ಸರ್, 14 ಬಿಟ್ ರೆಸಲ್ಯೂಷನ್, 16 ಬಟನ್. ಕೈ ಇಡುವ ಭಾಗಗಳನ್ನು ಬಿಚ್ಚಿ ಬದಲಿಸಿದರೆ ಎಡಗೈಗೂ ಬರುತ್ತದೆ. ನಡುವಿನ ಹಿಡಿತ ಅದರ ಬೆಲೆಗೆ ಬಹಳ ಚೆನ್ನಾಗಿದೆ. ಟ್ವಿಸ್ಟ್ ಮಾತ್ರ ಇಲ್ಲೂ ಪೊಟೆನ್ಷಿಯೋಮೀಟರೇ. ಅದೇ ಕಂಪನಿ 2020ರಲ್ಲಿ ತಂದ ಏರ್‌ಬಸ್ ಆವೃತ್ತಿಯ ಟಿಸಿಎ ಸೈಡ್‌ಸ್ಟಿಕ್ ಇದರ ತಮ್ಮನ ಹಾಗೆ. ಎ320 ಪ್ರಿಯರಿಗೆ ನೋಟಕ್ಕೂ ಸರಿ, ಕೈಗೂ ಸರಿ.

ಥ್ರಾಟಲ್ ಬೇರೆಯಾಗಿ ಬೇಕು, ದುಡ್ಡು ಕಡಿಮೆ ಇದೆ ಅನ್ನುವವರಿಗೆ ಟಿ.ಫ್ಲೈಟ್ ಹೋಟಾಸ್ ಎಕ್ಸ್. ಎಕ್ಸ್‌ಬಾಕ್ಸ್‌ಗೆ ಅದರದೇ ರೂಪ ಹೋಟಾಸ್ ಒನ್, ಪ್ಲೇಸ್ಟೇಷನ್‌ಗೆ ಹೋಟಾಸ್ 4. ಥ್ರಾಟಲ್ ಮುಂದಿರುವ ಒಂದು ತೊಟ್ಟಿಲಿನಂಥ ಗುಂಡಿಯಿಂದಲೂ ರಡ್ಡರ್ ಆಡಿಸಬಹುದು. ಟ್ವಿಸ್ಟ್ ಕೈಗೆ ಒಗ್ಗದವರಿಗೆ ಅದೊಂದು ವರ.

ಇದರ ಮೇಲೆ ಒಂದು ಮೆಟ್ಟಿಲು ಹೋದರೆ ವಿಕೆಬಿ ಗ್ಲ್ಯಾಡಿಯೇಟರ್ ಎನ್ಎಕ್ಸ್‌ಟಿ ಇವೊ. ತಾಗದ ಸೆನ್ಸರ್, ಬದಲಿಸಬಹುದಾದ ಸ್ಪ್ರಿಂಗ್, ಎಷ್ಟು ಬಿಗಿ ಬೇಕೋ ಅಷ್ಟು ಮಾಡಿಕೊಳ್ಳುವ ಕ್ಲಚ್, ಎಡಗೈಗೆ ಬೇರೆ ಬಲಗೈಗೆ ಬೇರೆ ಹಿಡಿ. ನಡುವಿನ ವಿಷಯದಲ್ಲಿ ಇದು ಬೇರೆಯದೇ ದರ್ಜೆ. ಹೊರದೇಶದಿಂದ ತರಿಸಿಕೊಳ್ಳುವುದಾದರೆ ಕಸ್ಟಮ್ಸ್ ಸುಂಕ, ಕೊರಿಯರ್ ಎರಡನ್ನೂ ಸೇರಿಸಿ ಲೆಕ್ಕ ಹಾಕಿ, ಇಲ್ಲದಿದ್ದರೆ ಪಾರ್ಸೆಲ್ ಬಾಗಿಲಿಗೆ ಬಂದ ದಿನ ಬೆಚ್ಚಿಬೀಳುತ್ತೀರಿ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಅಣ್ಣ ಊರಿಗೆ ಬರುವಾಗ ತಂದುಕೊಡುತ್ತಾನೆ ಅಂದರೆ ಅದೂ ಸರಿ. ಆದರೆ ಕೆಟ್ಟರೆ ವಾರಂಟಿ ಇಲ್ಲಿ ನಡೆಯುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಐದನೇ ಹೆಜ್ಜೆ: ದುಡ್ಡು ಕೊಡುವ ಮುಂಚೆ ಐದು ನಿಮಿಷ

ಬೆಂಗಳೂರಿನವರಾದರೆ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಕೇಳಿ ನೋಡಬಹುದು. ಹಳೆಯದನ್ನು ಯಾರದೋ ಮನೆಗೆ ಹೋಗಿ ಕೊಳ್ಳುವವರೂ ಇದ್ದೀರಿ. ಎಲ್ಲೇ ಆಗಲಿ, ಒಂದು ವಿಂಡೋಸ್ ಲ್ಯಾಪ್‌ಟಾಪ್ ಬ್ಯಾಗಿನಲ್ಲಿರಲಿ. ಆನ್‌ಲೈನ್‌ನಲ್ಲಿ ತರಿಸಿದವರು ಇದನ್ನೇ ಮನೆಯಲ್ಲಿ, ವಾಪಸ್ ಕಳಿಸುವ ಗಡುವು ಮುಗಿಯುವ ಮುಂಚೆ ಮಾಡಿ. ಡಬ್ಬ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೋ ತೆಗೆದಿಟ್ಟರೆ ಮುಂದೆ ವಾದ ಮಾಡುವ ಕಷ್ಟ ತಪ್ಪುತ್ತದೆ.

ಸ್ಟಿಕ್ ಸಿಕ್ಕಿಸಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಪುಟ್ಟ ಪೆಟ್ಟಿಗೆಯಲ್ಲಿ ಜೆ, ಒ, ವೈ, ಒಂದು ಚುಕ್ಕಿ, ಸಿ, ಪಿ, ಎಲ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಪಟ್ಟಿಯಲ್ಲಿ ಸ್ಟಿಕ್ಕಿನ ಹೆಸರು ಕಾಣುತ್ತದೆ. ಅದನ್ನು ಆರಿಸಿ ಪ್ರಾಪರ್ಟೀಸ್ ತೆರೆಯಿರಿ. ಒಂದು ಚೌಕ, ಅದರ ನಡುವೆ ಒಂದು ಕೂಡು ಗುರುತು, ಪಕ್ಕದಲ್ಲಿ ಟ್ವಿಸ್ಟ್ ಮತ್ತು ಥ್ರಾಟಲ್‌ನ ಪಟ್ಟಿಗಳು.

ಮೊದಲು ಕೈ ಕಟ್ಟಿ ಕೂತು ಆ ಕೂಡು ಗುರುತನ್ನು ನೋಡಿ. ನಡುಗುತ್ತಿದೆಯಾ? ಟ್ವಿಸ್ಟ್‌ನ ಪಟ್ಟಿ ತಾನಾಗಿ ಏರಿಳಿಯುತ್ತಿದೆಯಾ? ನನ್ನ ಆ ಮೊದಲ ಸ್ಟಿಕ್ಕನ್ನು ಹೀಗೆ ಮೂವತ್ತು ಸೆಕೆಂಡ್ ನೋಡಿದ್ದರೆ ಸಾಕಿತ್ತು, ದುಡ್ಡು ಉಳಿಯುತ್ತಿತ್ತು.

ಈಗ ಸ್ಟಿಕ್ಕನ್ನು ಪೂರ್ತಿ ಮುಂದೆ ತಳ್ಳಿ, ಕೈ ಜೊತೆಯಲ್ಲೇ ಇಟ್ಟು ಮೆಲ್ಲಗೆ ವಾಪಸ್ ಬರಲು ಬಿಡಿ. ಗುರುತು ಎಲ್ಲಿ ನಿಂತಿತು ನೋಡಿಕೊಳ್ಳಿ. ಹಿಂದಕ್ಕೆ ಎಳೆದು ಬಿಡಿ. ಎಡಕ್ಕೆ, ಬಲಕ್ಕೆ. ನಾಲ್ಕು ಸಲವೂ ಒಂದೇ ಕಡೆ ನಿಲ್ಲಬೇಕು. ಮುಂದಿನಿಂದ ಬಂದಾಗ ಒಂದು ಕಡೆ, ಹಿಂದಿನಿಂದ ಬಂದಾಗ ಇನ್ನೊಂದು ಕಡೆ ನಿಂತರೆ ಆ ಸ್ಟಿಕ್ಕಿಗೆ ನಡು ಎಲ್ಲಿ ಅಂತ ಅದಕ್ಕೇ ಗೊತ್ತಿಲ್ಲ. ಒಂದೇ ಕಡೆ ನಿಂತೂ ಚೌಕದ ನಡುವಿನಿಂದ ಚೂರು ಆಚೆ ಇದ್ದರೆ ಚಿಂತೆಯಿಲ್ಲ, ಅದು ಕ್ಯಾಲಿಬ್ರೇಷನ್‌ನಲ್ಲಿ, ಅಂದರೆ ನಡು ಎಲ್ಲಿ, ತುದಿ ಎಲ್ಲಿ ಅಂತ ಕಂಪ್ಯೂಟರಿಗೆ ತೋರಿಸಿಕೊಟ್ಟಾಗ ಸರಿಹೋಗುತ್ತದೆ.

ಆಮೇಲೆ ಎರಡೇ ಬೆರಳಲ್ಲಿ ಹಿಡಿದು, ಉಸಿರು ಬಿಗಿಹಿಡಿದವರ ಹಾಗೆ ನಿಧಾನಕ್ಕೆ ನಡುವಿನಿಂದ ಕದಲಿಸಿ. ಬೆರಳು ಕದಲಿದ ಕೂಡಲೇ ಗುರುತೂ ಕದಲಬೇಕು. ಬೆರಳು ಕದಲಿ, ಗುರುತು ನಿಂತೇ ಇದ್ದು, ಆಮೇಲೆ ಟಕ್ ಅಂತ ಹಾರಿತೋ, ಆ ಸ್ಟಿಕ್ ಬೇಡ. ಆ ಚೌಕ ಚಿಕ್ಕದಾದ್ದರಿಂದ ಕಣ್ಣು ಹತ್ತಿರ ಇಟ್ಟು ನೋಡಿ.

ಹಿಡಿಯನ್ನು ಬರೀ ತಿರುಚಿ. ಕೂಡು ಗುರುತು ತುಸು ಅಲುಗುತ್ತದೆ, ಅದು ನಿಮ್ಮ ಮಣಿಕಟ್ಟಿನ ತಪ್ಪು. ದೊಡ್ಡದಾಗಿ ಓಡಿದರೆ ಅದು ಸ್ಟಿಕ್ಕಿನದು. ಥ್ರಾಟಲ್ ಎಳೆದು ನೋಡಿ, ಬಟನ್ನುಗಳನ್ನು ಒಂದೊಂದಾಗಿ ಒತ್ತಿ, ಹ್ಯಾಟ್ ಎಂಟೂ ದಿಕ್ಕಿಗೆ ತಳ್ಳಿ. ಅಂಗಡಿಯವರು ಸಿಡುಕಬಹುದು. ಸಿಡುಕಲಿ ಬಿಡಿ.

ಹಳೆಯ ಸ್ಟಿಕ್ಕಿನಲ್ಲಿ ಟ್ವಿಸ್ಟ್ ಮಾತ್ರ ನಡುಗುತ್ತಿದ್ದು ಉಳಿದದ್ದೆಲ್ಲ ಚೆನ್ನಾಗಿದ್ದರೆ, ಬೆಲೆ ಇಳಿಸಿ ಕೇಳಿ. ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಎಷ್ಟೋ ಸಲ ನಡುಕ ನಿಲ್ಲುತ್ತದೆ. ಬಿಚ್ಚಲು ಧೈರ್ಯ ಇದ್ದವರಿಗೆ ಮಾತ್ರ ಈ ಮಾತು.

ಆರನೇ ಹೆಜ್ಜೆ: ಎಲ್ಲಿ ಇಡುತ್ತೀರಿ?

ಇದನ್ನು ಯಾರೂ ಹೇಳುವುದಿಲ್ಲ. ಎತ್ತರದ ಮೇಜಿನ ಮೇಲೆ ಸ್ಟಿಕ್ ಇಟ್ಟರೆ ಭುಜ ಮೇಲೆತ್ತಿಕೊಂಡೇ ಹಾರಿಸಬೇಕು. ಆಗ ಚಲನೆ ಭುಜದಿಂದ ಬರುತ್ತದೆ, ಭುಜಕ್ಕೆ ಕಾಳಿನಷ್ಟು ಸಣ್ಣ ಚಲನೆ ಗೊತ್ತಿಲ್ಲ. ಅದು ಮಣಿಕಟ್ಟಿಗೆ, ಬೆರಳಿಗೆ ಮಾತ್ರ ಗೊತ್ತು. ಮುಂಗೈಗೆ ಒಂದು ಆಸರೆ ಬೇಕು. ಕುರ್ಚಿಯ ಕೈಯ ಮಟ್ಟಕ್ಕೆ ಸ್ಟಿಕ್ ಬರುವ ಹಾಗೆ ಪಕ್ಕದಲ್ಲಿ ಒಂದು ಸ್ಟೂಲ್ ಇಟ್ಟರೂ ನಡೆಯುತ್ತದೆ. ಏರ್‌ಬಸ್‌ನಲ್ಲೂ ಸೈಡ್‌ಸ್ಟಿಕ್ ಹಿಂದೆ ಮುಂಗೈ ಒರಗಿಸಲು ಜಾಗ ಕೊಟ್ಟಿರುತ್ತಾರೆ.

ಬುಡ ಜಾರಬಾರದು. ಜಾರಿದರೆ ನೀವು ಮಾಡಿದ ಸಣ್ಣ ಚಲನೆಯನ್ನು ಸ್ಟಿಕ್ ಬದಲು ಮೇಜು ತಿಂದುಬಿಡುತ್ತದೆ. ಹಗುರ ಬುಡದ ಸ್ಟಿಕ್ ಕೆಳಗೆ, ಅಡುಗೆಮನೆ ಕಪಾಟಿಗೆ ಹಾಸುವ ರಬ್ಬರ್ ಮ್ಯಾಟ್ ಕತ್ತರಿಸಿ ಹಾಕಿ. ನಾನು ಒಂದು ವರ್ಷ ಹಾಗೇ ಓಡಿಸಿದೆ. ಮನೆಯಲ್ಲಿ ಮ್ಯಾಟ್ ಎಲ್ಲಿ ಹೋಯಿತು ಅಂತ ಹುಡುಕಾಟ ನಡೆದದ್ದು ಬೇರೆ ವಿಷಯ.

ಏಳನೇ ಹೆಜ್ಜೆ: ಸೆಟ್ಟಿಂಗ್

ಮೊದಲು ಕ್ಯಾಲಿಬ್ರೇಷನ್. ಕಂಪನಿಯದೇ ತಂತ್ರಾಂಶ ಇದ್ದರೆ ಅದರಲ್ಲಿ ಮಾಡಿ, ಇಲ್ಲದಿದ್ದರೆ ಮೇಲೆ ಹೇಳಿದ ವಿಂಡೋಸ್ ಕಿಟಕಿಯಲ್ಲೇ ಇದೆ.

ಆಮೇಲೆ ಸಿಮ್ ತೆರೆದು ಯಾವ ಆಕ್ಸಿಸ್ ಎಲ್ಲಿಗೆ ಹೋಗಿದೆ ನೋಡಿ. ಹೆಚ್ಚು ಜನ ಎಡವುವುದು ಇಲ್ಲೇ. ಡಿಸಿಎಸ್ ಥರದ ಸಿಮ್‌ಗಳು ಸಿಕ್ಕಿಸಿದ ಪ್ರತಿಯೊಂದು ಸಾಧನಕ್ಕೂ ತಾವೇ ಕೆಲಸ ಹಂಚಿಬಿಡುತ್ತವೆ. ಸ್ಟಿಕ್ ಜೊತೆಗೆ ಗೇಮ್‌ಪ್ಯಾಡ್ ಕೂಡ ಸಿಕ್ಕಿಸಿದ್ದರೆ ಎರಡೂ ಪಿಚ್‌ಗೆ ಅಂಟಿಕೊಂಡು ಕಿತ್ತಾಡುತ್ತಿರುತ್ತವೆ. ಬೇಡದ್ದನ್ನು ಅಳಿಸಿ.

ಡೆಡ್ ಝೋನ್ ಅಂದರೆ ನಡುವಿನಲ್ಲಿ ಸಿಮ್ ಕಿವುಡಾಗುವ ಜಾಗ. ಸ್ಟಿಕ್ ಚೂರು ಅಲುಗಿದರೂ ಅದು ಕೇಳಿಸಿಕೊಳ್ಳುವುದಿಲ್ಲ. ನಡುಗುವ ಸ್ಟಿಕ್ಕಿಗೆ ಇದು ಔಷಧಿ. ಆದರೆ ನಾವು ದುಡ್ಡು ಕೊಟ್ಟಿದ್ದೇ ಆ ಜಾಗಕ್ಕೆ, ಅಲ್ವಾ? ಅದಕ್ಕೇ ಪಿಚ್, ರೋಲ್‌ಗೆ ಸೊನ್ನೆಯಿಂದ ಶುರು ಮಾಡಿ, ನಡುಕ ನಿಲ್ಲುವ ತನಕ ಒಂದೊಂದೇ ಅಂಕಿ ಏರಿಸಿ. ಎರಡು ಮೂರಕ್ಕೆ ನಿಲ್ಲಬೇಕು. ಟ್ವಿಸ್ಟ್‌ಗೆ ಮಾತ್ರ ಧಾರಾಳವಾಗಿ ಕೊಡಿ, ಐದರಿಂದ ಹತ್ತು. ಬಲಕ್ಕೆ ವಾಲಿಸುವಾಗ ಕೈ ತನಗೆ ಗೊತ್ತಿಲ್ಲದೆ ತಿರುಚಿಯೇ ತಿರುಚುತ್ತದೆ.

ಇನ್ನು ಕರ್ವ್. ನಿಜವಾದ ಸೆಸ್ನಾದಲ್ಲಿ ಯೋಕ್ ಉದ್ದಕ್ಕೂ ಓಡುತ್ತದೆ, ನಮ್ಮ ಸ್ಟಿಕ್ ಓಡುವುದು ಕೆಲವೇ ಇಂಚು. ಹಾಗಾಗಿ ನೇರ ಲೆಕ್ಕದಲ್ಲಿ ಬಿಟ್ಟರೆ ವಿಮಾನ ಬೆದರಿದ ಕುದುರೆಯ ಹಾಗೆ ಆಡುತ್ತದೆ. ಕರ್ವ್ ಕೊಟ್ಟರೆ ನಡುವಿನ ಚಲನೆ ಮೃದುವಾಗುತ್ತದೆ, ತುದಿಯಲ್ಲಿ ಚುರುಕಾಗುತ್ತದೆ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಸೆನ್ಸಿಟಿವಿಟಿಯ ಎರಡೂ ಕಡ್ಡಿಗಳನ್ನು ಮೈನಸ್ 30ರ ಆಸುಪಾಸಿಗೆ ಇಳಿಸಿ ನೋಡಿ. ಡಿಸಿಎಸ್‌ನಲ್ಲಿ ಆಕ್ಸಿಸ್ ಟ್ಯೂನ್ ಒಳಗೆ ಕರ್ವೇಚರ್ 15ರಿಂದ 20. ಇದಕ್ಕಿಂತ ಜಾಸ್ತಿ ಹೋದರೆ ನಡುವಿನಲ್ಲಿ ಸತ್ತ ಹಾಗಿದ್ದು ಆಮೇಲೆ ಧುತ್ತೆಂದು ಏಳುತ್ತದೆ. ಇಟ್ಟ ಅಂಕಿಯಲ್ಲಿ ಒಂದು ವಾರ ಹಾರಿ. ದಿನಾ ಬದಲಿಸಿದರೆ ಕೈ ಏನನ್ನೂ ಕಲಿಯುವುದಿಲ್ಲ.

ಮೈಕ್ರೋಸಾಫ್ಟ್ ಸಿಮ್ಯುಲೇಟರಿನ ಅಸಿಸ್ಟೆನ್ಸ್ ಪುಟದಲ್ಲಿ ರಡ್ಡರನ್ನು ತಾನೇ ಆಡಿಸುವ ಸಹಾಯ ಆನ್ ಆಗಿದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಟ್ವಿಸ್ಟ್‌ಗೆ ಅಂತ ಕೊಟ್ಟ ದುಡ್ಡು ದಂಡ.

ಹಾರಾಟದ ನಡುವೆ ಸ್ಟಿಕ್ ಪಟ್ಟನೆ ಸತ್ತುಹೋಗಿ ಮತ್ತೆ ಬದುಕಿದರೆ ಸ್ಟಿಕ್ ಬೈಯಬೇಡಿ. ವಿದ್ಯುತ್ ಉಳಿಸಲು ವಿಂಡೋಸ್ ಯುಎಸ್‌ಬಿ ಪೋರ್ಟನ್ನು ಮಲಗಿಸಿರಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ತೆರೆದು ಆ ಟಿಕ್ ತೆಗೆಯಿರಿ. ಹತ್ತು ಸಾಧನ ನೇತುಹಾಕಿದ ಅಗ್ಗದ ಹಬ್‌ಗೆ ಸ್ಟಿಕ್ ಸಿಕ್ಕಿಸಬೇಡಿ.

ಎಂಟನೇ ಹೆಜ್ಜೆ: ಮೊದಲ ಸಂಜೆ

ನೇರ ಮಂಗಳೂರಿಗೆ ಹೋಗಬೇಡಿ, ನನ್ನ ಕಥೆ ಕೇಳಿದ್ದೀರಲ್ಲ. ಬೆಂಗಳೂರಿನ ಜಕ್ಕೂರಿನಿಂದ ಸೆಸ್ನಾ ಎಬ್ಬಿಸಿ. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದು ಅಲ್ಲೇ, ನಿಜವಾದ ಪೈಲಟ್‌ಗಳೂ ಅಲ್ಲಿ ಕಲಿಯುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಆದ್ದರಿಂದ ಎತ್ತರ ಅಳೆಯುವ ಆಲ್ಟಿಮೀಟರ್ 3,000 ತೋರಿಸುತ್ತಿದ್ದರೆ ನೀವಿನ್ನೂ ನೆಲದ ಮೇಲೇ ಇದ್ದೀರಿ. ಉತ್ತರಕ್ಕೆ ನಂದಿಬೆಟ್ಟ ಕಾಣುತ್ತದೆ, ಅದರ ನೆತ್ತಿ 4,851 ಅಡಿ. 6,000ಕ್ಕೆ ಏರಿ.

ಅಲ್ಲಿ ಒಂದೇ ಕೆಲಸ ಮಾಡಿ. ಎತ್ತರ, ದಿಕ್ಕು ಎರಡನ್ನೂ ಹಾಗೇ ಹಿಡಿದಿಡಿ. ಮೂಗು ಇಳಿಯುತ್ತಿದ್ದರೆ ಸ್ಟಿಕ್ ಚೂರು ಹಿಂದೆ ಎಳೆದು ಹಿಡಿದುಕೊಳ್ಳಿ, ಜೊತೆಗೆ ಟ್ರಿಮ್ ಬಟನ್ ಟಕ್ ಟಕ್ ಅಂತ ಒತ್ತುತ್ತಾ ಹೋಗಿ. ಒತ್ತಿದಷ್ಟೂ ಸ್ಟಿಕ್ಕನ್ನು ನಡುವಿನ ಕಡೆ ಬಿಡುತ್ತಾ ಬನ್ನಿ. ಕೊನೆಗೆ ಕೈ ತೆಗೆದರೂ ವಿಮಾನ ನೆಟ್ಟಗೆ ಹೋಗಬೇಕು. ಸ್ಟಿಕ್ಕನ್ನು ಒಂದೇ ಸಮ ಎಳೆದು ಹಿಡಿದುಕೊಂಡೇ ಹಾರುವವರಿಗೆ ಅರ್ಧ ಗಂಟೆಗೆ ಕೈ ಸೋಲುತ್ತದೆ, ಆಮೇಲೆ ಆ ಬೈಗುಳ ಸ್ಪ್ರಿಂಗ್‌ಗೆ ಹೋಗುತ್ತದೆ.

ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಹೆಬ್ಬೆರಳು ಮತ್ತು ಎರಡು ಬೆರಳು ಸಾಕು. ಒಂದು ತಿದ್ದುಪಡಿ ಮಾಡಿ, ಬಿಡಿ, ಏನಾಯಿತು ಅಂತ ಎರಡು ಸೆಕೆಂಡ್ ನೋಡಿ, ಆಮೇಲೆ ಇನ್ನೊಂದು. ನಾನು ಮಂಗಳೂರಿನಲ್ಲಿ ಎಡ-ಬಲ ಕುಣಿದದ್ದು ಬರೀ ಕೆಟ್ಟ ಸ್ಟಿಕ್‌ನಿಂದಲ್ಲ. ವಿಮಾನ ಉತ್ತರ ಕೊಡುವ ಮೊದಲೇ ನಾನು ಮುಂದಿನ ಪ್ರಶ್ನೆ ಕೇಳುತ್ತಿದ್ದೆ.

ಜಕ್ಕೂರಿಗೆ ವಾಪಸ್ ಬಂದು ಇಳಿಯುವಾಗ ವೇಗ 65 ನಾಟ್‌ನ ಹತ್ತಿರ ಇರಲಿ. ಆಗ ಒಮ್ಮೆ ನಿಮ್ಮ ಕೈ ನೋಡಿಕೊಳ್ಳಿ, ಸ್ಟಿಕ್ ಎಷ್ಟು ದೂರ ಓಡಾಡುತ್ತಿದೆ ಅಂತ.

ಇನ್ನೂ ಏನಾದರೂ ಕೊಳ್ಳಬೇಕು ಅಂತ ಕೈ ತುರಿಸಿದರೆ ಎರಡು ತಿಂಗಳು ತಡೆಯಿರಿ, ಆಮೇಲೆ ಪೆಡಲ್ ಕೊಳ್ಳಿ. ಅಷ್ಟರೊಳಗೆ ಓಪನ್‌ಟ್ರ್ಯಾಕ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡು ಮನೆಯಲ್ಲಿರುವ ವೆಬ್‌ಕ್ಯಾಮ್ ಮುಂದೆ ಕೂತು ನೋಡಿ. ನೀವು ತಲೆ ತಿರುಗಿಸಿದ ಕಡೆ ಕಾಕ್‌ಪಿಟ್ಟಿನ ನೋಟವೂ ತಿರುಗುತ್ತದೆ. ಹ್ಯಾಟ್ ಸ್ವಿಚ್ ಬಿಡುವಾಗುತ್ತದೆ, ಅದಕ್ಕೆ ಟ್ರಿಮ್ ಕೊಡಿ.